ವಾಲ್ಡೆಮಾರ್ ಹಾಫ್ಕಿನ್

ವಾಲ್ಡೆಮಾರ್ ಮೊರ್ಡೆಕೈ ಹಾಫ್ಕಿನ್ (15 ಮಾರ್ಚ್ 1860 – ಅಕ್ಟೋಬರ್ 1930) ಕಾಲರಾ ಮತ್ತು ಪ್ಲೇಗು ರೋಗಗಳಿಗೆ ಲಸಿಕೆಗಳನ್ನು ಸಿದ್ಧಪಡಿಸಿ, ಅವುಗಳನ್ನು ಭಾರತದಲ್ಲಿ ದೊಡ್ಡ ಪ್ರಮಾಣದಲ್ಲಿ ಪ್ರಯೋಗಿಸಿದ ಜೀವಾಣುಶಾಸ್ತ್ರಜ್ಞರು. ಮುಂಬಯಿಯ ಹಾಫ್ಕಿನ್ ಸಂಸ್ಥೆಗೆ ಅವರ ಹೆಸರನ್ನೇ ಇಡಲಾಗಿದೆ. ಕರ್ನಾಟಕದ ಮಟ್ಟಿಗೆ ಅವರ ಹೆಸರು 1898ರ ಪ್ಲೇಗಿನೊಡನೆ, ಅದರಲ್ಲಿಯೂ ಅಂದಿನ ಅವಿಭಜಿತ ಧಾರವಾಡ ಜಿಲ್ಲೆಯೊಡನೆ ಸೇರಿಕೊಂಡಿದೆ. ಇಂದಿನ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳು ಆಗ ಆ ಜಿಲ್ಲೆಯಲ್ಲಿಯೇ ಇದ್ದವು.

ಹಾಫ್ಕಿನ್ನರನ್ನು ಲಸಿಕೆಯ ಜನಕರೆಂದು ಸ್ಮರಿಸುವುದು ವಾಡಿಕೆ. ಅವರ ಇನ್ನೊಂದು ಕೊಡುಗೆ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಮದ್ದು ಪಡೆದವರಲ್ಲಿ ಎಷ್ಟು ಮಂದಿ ಬದುಕಿದರು ಎಂದು ಎಣಿಸಿದರೆ ಸಾಲದು, ಅದೇ ಸ್ಥಳದಲ್ಲಿ ಅದೇ ಕಾಲದಲ್ಲಿ ಮದ್ದು ಪಡೆಯದೆ ಉಳಿದವರನ್ನೂ ಎಣಿಸಿ ಹೋಲಿಸಬೇಕು ಎಂಬ ನಿಯಮವನ್ನು ಅವರು ತಮ್ಮ ಪ್ರತಿಯೊಂದು ಪ್ರಯೋಗದಲ್ಲಿಯೂ ಪಾಲಿಸಲು ಯತ್ನಿಸಿದರು. ಆ ಎಣಿಕೆಗಳು ಕೆಲವೆಡೆ ಗಟ್ಟಿಯಾಗಿ ನಿಂತವು, ಕೆಲವೆಡೆ ಸಡಿಲಗೊಂಡವು. ಇಂದು ಪುರಾವೆ ಆಧಾರಿತ ವೈದ್ಯಪದ್ಧತಿ ಎಂದು ಕರೆಯಲಾಗುವ ವಿಚಾರದ ಮೊದಲ ಪಾಠಗಳನ್ನು ಈ ಎರಡೂ ಬಗೆಯ ಎಣಿಕೆಗಳಲ್ಲಿ ಕಾಣಬಹುದು.

ಆರಂಭಿಕ ಜೀವನ

ಹಾಫ್ಕಿನ್ನರು ರಷ್ಯಾ ಸಾಮ್ರಾಜ್ಯದಲ್ಲಿದ್ದ ಕಪ್ಪುಸಮುದ್ರ ತೀರದ ಒಡೆಸ್ಸಾ ನಗರದ ಯಹೂದಿ ಮನೆತನವೊಂದರಲ್ಲಿ ಜನಿಸಿದರು. ಒಡೆಸ್ಸಾದ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಓದುವಾಗ ಎಲೀ ಮೆಚ್ನಿಕೋವ್ ಅವರಿಗೆ ಗುರುಗಳಾಗಿದ್ದರು. ವಿದ್ಯಾರ್ಥಿ ದೆಸೆಯಲ್ಲಿ ಝಾರ್ ವಿರೋಧಿ ಕ್ರಾಂತಿಕಾರಿಗಳ ಸಂಪರ್ಕಕ್ಕೆ ಬಂದು ಬಂಧನಕ್ಕೊಳಗಾದರು. ಯಹೂದಿಗಳ ಮೇಲೆ ದಂಗೆಗಳು ನಡೆದಾಗ ತಮ್ಮವರ ರಕ್ಷಣೆಗೆ ನಿಂತರು. ಮತಾಂತರ ಹೊಂದದ ಯಹೂದಿಗೆ ಅಲ್ಲಿ ಪ್ರಾಧ್ಯಾಪಕ ಹುದ್ದೆ ದೊರೆಯುವ ಸಂಭವವಿರಲಿಲ್ಲ. 1888ರಲ್ಲಿ ದೇಶ ಬಿಟ್ಟು ಜಿನೀವಾಕ್ಕೆ ತೆರಳಿದರು, ಮರುವರ್ಷ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯನ್ನು ಸೇರಿದರು. ಅಲ್ಲಿ ಅವರಿಗೆ ಮೊದಲು ಸಿಕ್ಕಿದ್ದು ಗ್ರಂಥಪಾಲಕನ ಕೆಲಸ.

ಗ್ರಂಥಾಲಯದ ಕೆಲಸದ ಬಿಡುವಿನಲ್ಲಿ ಅವರು ಕಾಲರಾ ಜೀವಾಣುವಿನ ಮೇಲೆ ಪ್ರಯೋಗಗಳನ್ನು ನಡೆಸಿದರು. ಪ್ರಾಣಿಗಳಲ್ಲಿ ಯಶಸ್ವಿಯಾದ ಲಸಿಕೆಯನ್ನು 1892ರ ಜುಲೈ 18ರಂದು ತಮ್ಮ ದೇಹಕ್ಕೇ ಚುಚ್ಚಿಕೊಂಡರು. ಜ್ವರ ಬಂದು ಇಳಿಯಿತು. ಇದರಿಂದ ಮದ್ದು ಪ್ರಾಣಾಪಾಯಕಾರಿಯಲ್ಲ ಎಂಬುದಷ್ಟೇ ಸಿದ್ಧವಾಯಿತು. ರೋಗವನ್ನು ತಡೆಯುತ್ತದೆಯೇ ಎಂಬುದನ್ನು ತಿಳಿಯಲು ಕಾಲರಾ ನಿಜವಾಗಿ ಹರಡಿರುವ ನಾಡು ಬೇಕಾಗಿತ್ತು.

ಭಾರತದಲ್ಲಿ ಕಾಲರಾ ಲಸಿಕೆ

1893ರ ಮಾರ್ಚ್ ತಿಂಗಳಲ್ಲಿ ಹಾಫ್ಕಿನ್ನರು ಕಲ್ಕತ್ತಕ್ಕೆ ಬಂದರು. ಮುಂದಿನ ಎರಡೂವರೆ ವರ್ಷಗಳಲ್ಲಿ ಆಗ್ರಾದಿಂದ ಅಸ್ಸಾಮಿನ ಚಹಾ ತೋಟಗಳವರೆಗೆ ಸಂಚರಿಸಿ, ಸೈನಿಕರು, ಕೈದಿಗಳು, ಕೂಲಿಕಾರರು ಮೊದಲಾದ ಸುಮಾರು 42,000 ಮಂದಿಗೆ ಮದ್ದು ಚುಚ್ಚಿದರು. ಮದ್ದು ಪಡೆದುಕೊಳ್ಳುವುದು ಅವರವರ ಇಚ್ಛೆಗೆ ಬಿಟ್ಟ ವಿಷಯವಾಗಿತ್ತು.

ಅವರ ಹೋಲಿಕೆಯ ಕ್ರಮ ರೂಪುಗೊಂಡದ್ದು ಕಲ್ಕತ್ತದ ಬಸ್ತಿಗಳಲ್ಲಿ. ನಗರದ ಆರೋಗ್ಯಾಧಿಕಾರಿ ಡಬ್ಲ್ಯು. ಜೆ. ಸಿಂಪ್ಸನ್ ನೆರವಿಗೆ ನಿಂತರು. 1894ರ ಮಾರ್ಚ್‌ನಲ್ಲಿ ಕಟ್ಟಲ್ ಬಾಗಾನ್ ಎಂಬ ಬಸ್ತಿಯಲ್ಲಿ ಕಾಲರಾ ಕಾಣಿಸಿಕೊಂಡಾಗ, ಅಲ್ಲಿದ್ದ ಸುಮಾರು 200 ನಿವಾಸಿಗಳಲ್ಲಿ 116 ಮಂದಿ ಮದ್ದು ಪಡೆದರು. ಆ ಬಳಿಕ ಕಾಣಿಸಿಕೊಂಡ ರೋಗಿಗಳೆಲ್ಲರೂ ಮದ್ದು ಪಡೆಯದ ಗುಂಪಿಗೆ ಸೇರಿದವರು. ಒಂದೇ ಕೊಳದ ನೀರು ಕುಡಿಯುವ, ಒಂದೇ ಓಣಿಯಲ್ಲಿ ಮಲಗುವ ಜನರನ್ನು ಪರಸ್ಪರ ಹೋಲಿಸಿದ್ದರಿಂದ ಈ ಚಿಕ್ಕ ಸಂಖ್ಯೆಗೆ ದೊಡ್ಡ ಬೆಲೆ ಬಂದಿತು. ಇಡೀ ನಗರದ ಮರಣಸಂಖ್ಯೆ ಹಿಂದಿನ ವರ್ಷಕ್ಕಿಂತ ಇಳಿಯಿತೆಂದು ಹೇಳಿದ್ದರೆ ಅದಕ್ಕೆ ಇಷ್ಟು ತೂಕ ಇರುತ್ತಿರಲಿಲ್ಲ, ಏಕೆಂದರೆ ಕಾಲರಾ ಒಂದು ವರ್ಷ ಏರಿ ಮತ್ತೊಂದು ವರ್ಷ ತಾನಾಗಿಯೇ ಇಳಿಯುವ ರೋಗ. ಮಲೇರಿಯಾದಿಂದ ಬಳಲಿ 1895ರಲ್ಲಿ ಯೂರೋಪಿಗೆ ಹಿಂದಿರುಗಿದ ಹಾಫ್ಕಿನ್ನರು ಮರುವರ್ಷವೇ ಮತ್ತೆ ಭಾರತಕ್ಕೆ ಬಂದರು.

ಪ್ಲೇಗು ಲಸಿಕೆಯ ತಯಾರಿ

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಅಕ್ಟೋಬರಿನಲ್ಲಿ ಹಾಫ್ಕಿನ್ನರನ್ನು ಅಲ್ಲಿಗೆ ಕರೆಸಲಾಯಿತು. ಗ್ರಾಂಟ್ ವೈದ್ಯಕೀಯ ಕಾಲೇಜಿನ ಒಂದು ಕೋಣೆ, ಅದರ ಹೊರಗಿನ ಪಡಸಾಲೆ, ಒಬ್ಬ ಗುಮಾಸ್ತ, ಮೂವರು ಜವಾನರು: ಅವರ ಪ್ರಯೋಗಶಾಲೆಯ ಆಸ್ತಿ ಇಷ್ಟೇ. ಪ್ಲೇಗಿನ ದಂಡಾಣುವನ್ನು ಗುರುತಿಸಿ ಆಗಿನ್ನೂ ಎರಡೇ ವರ್ಷಗಳಾಗಿದ್ದವು. ಇಲಿಯ ಚಿಗಟದಿಂದ ರೋಗ ಮನುಷ್ಯರಿಗೆ ದಾಟುತ್ತದೆಂಬ ಸಂಗತಿ ಇನ್ನೂ ಬೆಳಕಿಗೆ ಬಂದಿರಲಿಲ್ಲ.

ಅವರು ದಂಡಾಣುಗಳನ್ನು ಮಾಂಸದ ಸಾರಿನಲ್ಲಿ ಬೆಳೆಸಿದರು. ಹಿಂದೂ ಮುಸ್ಲಿಮರಿಬ್ಬರ ಭಾವನೆಗೂ ನೋವಾಗದಂತೆ ಆಡಿನ ಮಾಂಸವನ್ನು ಆರಿಸಿಕೊಂಡರು. ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟಾಗ ದಂಡಾಣುಗಳು ಆ ಹನಿಗಳಿಗೆ ಅಂಟಿ ಬಿಳಲುಗಳಂತೆ ಕೆಳಕ್ಕೆ ಇಳಿಯುತ್ತಿದ್ದವು. ಹೀಗೆ ಬೆಳೆದದ್ದನ್ನು ಕಾಯಿಸಿ ಕೊಂದು, ಕಾರ್ಬಾಲಿಕ್ ಆಮ್ಲ ಬೆರೆಸಿ ಸೀಸೆಗಳಿಗೆ ತುಂಬುತ್ತಿದ್ದರು. 1897ರ ಜನವರಿ 10ರಂದು ಈ ಮದ್ದನ್ನೂ ಮೊದಲು ತಮಗೇ ಚುಚ್ಚಿಸಿಕೊಂಡರು. ಖೋಜಾ ಸಮುದಾಯದ ಧರ್ಮಗುರು ಮೂರನೆಯ ಆಗಾ ಖಾನರು ತಾವೂ ಮದ್ದು ಪಡೆದು, ತಮ್ಮ ಅನುಯಾಯಿಗಳಿಗೂ ಅದನ್ನು ಶಿಫಾರಸು ಮಾಡಿ, ಪ್ರಯೋಗಶಾಲೆಗೆ ತಮ್ಮ ಕಟ್ಟಡವೊಂದನ್ನು ಬಿಟ್ಟುಕೊಟ್ಟರು.

ಬೈಕುಲಾ ಸೆರೆಮನೆಯ ಪ್ರಯೋಗ

ಅದೇ ಜನವರಿಯ ಕೊನೆಯಲ್ಲಿ ಮುಂಬಯಿಯ ಬೈಕುಲಾ ಸೆರೆಮನೆಯಲ್ಲಿ ಪ್ಲೇಗು ತಲೆದೋರಿತು. ಕೈದಿಗಳಲ್ಲಿ ಅರ್ಧಕ್ಕೆ ಸಮೀಪದಷ್ಟು ಮಂದಿ ಮದ್ದು ಪಡೆಯಲು ಮುಂದೆ ಬಂದರು. ಸೆರೆಯಲ್ಲಿರುವವನ ಒಪ್ಪಿಗೆಯನ್ನು ಎಷ್ಟರಮಟ್ಟಿಗೆ ಸ್ವಂತ ಇಚ್ಛೆಯೆಂದು ಕರೆಯಬಹುದು ಎಂಬ ಪ್ರಶ್ನೆಯನ್ನು ಆ ಕಾಲ ಕೇಳಲಿಲ್ಲ, ಇಂದಿನ ಕಾಲ ಕೇಳದೆ ಬಿಡುವುದಿಲ್ಲ. ಮುಂದಿನ ದಿನಗಳಲ್ಲಿ ಮದ್ದು ಪಡೆಯದ ಸರಾಸರಿ 172 ಕೈದಿಗಳಲ್ಲಿ 12 ಮಂದಿಗೆ ರೋಗ ತಗಲಿ 6 ಮಂದಿ ಸತ್ತರು. ಮದ್ದು ಪಡೆದ 147 ಮಂದಿಯಲ್ಲಿ ಇಬ್ಬರಿಗೆ ರೋಗ ಬಂದು ಇಬ್ಬರೂ ಉಳಿದರು.

ಈ ಅಂಕಿಗಳನ್ನು ಓದುವ ಬಗೆ ಒಂದಲ್ಲ. ಮದ್ದು ಪಡೆಯದವರಲ್ಲಿ ಶೇ. 7ರಷ್ಟು, ಪಡೆದವರಲ್ಲಿ ಶೇ. 1.4ರಷ್ಟು ಮಂದಿಗೆ ರೋಗ ಬಂದಿತು. ಮದ್ದು ರೋಗದ ಸಂಭವವನ್ನು ಶೇ. 80ರಷ್ಟು ತಗ್ಗಿಸಿತು ಎಂದು ಹೇಳಿದರೆ ಅದು ಸಾಪೇಕ್ಷ ಲೆಕ್ಕ. 100 ಮಂದಿಗೆ ಮದ್ದು ಕೊಟ್ಟಾಗ ಸುಮಾರು ಐದಾರು ಮಂದಿ ರೋಗದಿಂದ ಪಾರಾದರು, ಎಂದರೆ ಒಬ್ಬನನ್ನು ಪಾರುಮಾಡಲು 18 ಮಂದಿಗೆ ಮದ್ದು ಚುಚ್ಚಬೇಕಾಯಿತು ಎಂದು ಹೇಳಿದರೆ ಅದು ನಿರಪೇಕ್ಷ ಲೆಕ್ಕ. ಎರಡೂ ನಿಜ. ಮೊದಲನೆಯದು ಕೇಳುವವನನ್ನು ಬೆರಗುಗೊಳಿಸುತ್ತದೆ, ಎರಡನೆಯದು ವೈದ್ಯನಿಗೆ ಮದ್ದಿನ ದಾಸ್ತಾನು ಎಷ್ಟು ಬೇಕೆಂದು ತಿಳಿಸುತ್ತದೆ.

ಇನ್ನೊಂದು ವಿಷಯ. ಒಟ್ಟು ರೋಗಿಗಳು ಕೇವಲ 14. ಇಷ್ಟು ಚಿಕ್ಕ ಸಂಖ್ಯೆಯಲ್ಲಿ ಅದೃಷ್ಟದ ಪಾಲು ಎಷ್ಟಿರಬಹುದೆಂಬುದನ್ನು ಅಳೆಯುವ ವಿಧಾನಗಳು ಆಗ ಬಳಕೆಯಲ್ಲಿರಲಿಲ್ಲ. ಇಂದಿನ ಕ್ರಮದಲ್ಲಿ ಲೆಕ್ಕ ಹಾಕಿದರೆ, ಶೇ. 95ರ ವಿಶ್ವಾಸದ ಮಿತಿಯೊಳಗೆ, ಮದ್ದಿನ ನಿಜವಾದ ರಕ್ಷಣೆ ಶೇ. 14ರಷ್ಟು ಕಡಿಮೆಯೂ ಇರಬಹುದು, ಶೇ. 96ರಷ್ಟು ಹೆಚ್ಚೂ ಇರಬಹುದು. ಮದ್ದಿಗೆ ಯಾವ ಗುಣವೂ ಇಲ್ಲವೆಂದು ಭಾವಿಸಿಕೊಂಡರೆ, ಸತ್ತ ಆರೂ ಮಂದಿ ಮದ್ದು ಪಡೆಯದ ಗುಂಪಿನಲ್ಲಿಯೇ ಇರುವ ಸಂಭವ ಸುಮಾರು 42ಕ್ಕೆ ಒಂದು. ಮದ್ದಿನಿಂದ ಪ್ರಯೋಜನವಿದೆ ಎಂದು ನಂಬಲು ಇದು ಸಾಕು, ಎಷ್ಟು ಪ್ರಯೋಜನ ಎಂದು ಹೇಳಲು ಸಾಲದು. ಬ್ಯಾಡಗಿಯ ಪೇಟೆಯಲ್ಲಿ ಚೀಲದ ಬಾಯಿಂದ ಒಂದು ಹಿಡಿ ಮೆಣಸಿನಕಾಯಿ ತೆಗೆದು ನೋಡಿದವನಿಗೆ ಕಾಯಿ ಯಾವ ಜಾತಿಯದೆಂದು ತಿಳಿಯುತ್ತದೆ, ಇಡೀ ಚೀಲದಲ್ಲಿ ಬಿಳಿಗಾಯಿ ಎಷ್ಟಿದೆಯೆಂದು ತಿಳಿಯುವುದಿಲ್ಲ. ಬೈಕುಲಾದ ಅಂಕಿಗಳು ಅಂತಹ ಒಂದು ಹಿಡಿ.

ಮದ್ದು ಪಡೆದ ದಿನವೇ ರೋಗ ಕಾಣಿಸಿಕೊಂಡ ಕೆಲವರನ್ನು ಹಾಫ್ಕಿನ್ನರು ಲೆಕ್ಕದಿಂದ ಕೈಬಿಟ್ಟಿದ್ದರು. ರೋಗ ಆಗಲೇ ಒಳಹೊಕ್ಕವರಿಗೆ ಮದ್ದು ನಾಟುವುದಿಲ್ಲವೆಂಬ ಕಾರಣ ನ್ಯಾಯವಾದದ್ದು. ಆದರೆ ಒಂದು ಪಕ್ಕದಲ್ಲಿ ಕೈಬಿಟ್ಟ ದಿನಗಳನ್ನು ಇನ್ನೊಂದು ಪಕ್ಕದಲ್ಲಿಯೂ ಕೈಬಿಡಬೇಕಾಗುತ್ತದೆ. ಇಂತಹ ಸೂಕ್ಷ್ಮಗಳು ಮುಂದೆ ದೊಡ್ಡ ಚರ್ಚೆಗೆ ವಸ್ತುವಾದವು.

1898ರ ಆರಂಭದಲ್ಲಿ ಉಮರ್‌ಖಾಡಿ ಸೆರೆಮನೆಯಲ್ಲಿ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕೈದಿಗಳನ್ನು ಸಾಲಾಗಿ ಕೂರಿಸಿ ಒಬ್ಬರನ್ನು ಬಿಟ್ಟು ಒಬ್ಬರಿಗೆ ಮದ್ದು ಚುಚ್ಚಲಾಯಿತು. ಧೈರ್ಯಸ್ಥರು ಒಂದು ಗುಂಪಿಗೂ ಅಂಜುವವರು ಇನ್ನೊಂದು ಗುಂಪಿಗೂ ಸೇರಿಬಿಡುವ ದೋಷ ಇದರಿಂದ ಬಹುಮಟ್ಟಿಗೆ ತಪ್ಪಿತು.

ದಮನ್ ಮತ್ತು ಉಂಢೇರಾ

ಪೋರ್ಚುಗೀಸರ ಆಳ್ವಿಕೆಯಲ್ಲಿದ್ದ ದಮನ್ ಪಟ್ಟಣದಲ್ಲಿ 1897ರಲ್ಲಿ ಮದ್ದು ಪಡೆಯದ 6,033 ಮಂದಿಯಲ್ಲಿ 1,482 ಮಂದಿ ಸತ್ತರು. ಮದ್ದು ಪಡೆದ 2,197 ಮಂದಿಯಲ್ಲಿ ಸತ್ತವರು 36. ಶೇ. 24.6ಕ್ಕೆ ಎದುರಾಗಿ ಶೇ. 1.6 ಎಂಬುದು ಎದ್ದು ಕಾಣುವ ಅಂತರ. ಆದರೂ ಇಲ್ಲಿ ಮದ್ದು ಪಡೆಯಬೇಕೇ ಬೇಡವೇ ಎಂದು ತೀರ್ಮಾನಿಸಿದವರು ಜನರೇ. ತಾವಾಗಿ ಮುಂದೆ ಬಂದವರು ಗಾಳಿಬೆಳಕಿನ ಮನೆಗಳಲ್ಲಿದ್ದ ಅನುಕೂಲಸ್ಥರಾಗಿದ್ದರೆ, ಅವರು ಮದ್ದಿಲ್ಲದೆಯೂ ಕಡಿಮೆ ಸಂಖ್ಯೆಯಲ್ಲಿ ಸಾಯುತ್ತಿದ್ದರು. ಅಂಕಿ ದೊಡ್ಡದಾದ ಮಾತ್ರಕ್ಕೆ ಈ ಸಂಶಯ ಕರಗುವುದಿಲ್ಲ.

ಬರೋಡಾ ಸಂಸ್ಥಾನದ ಉಂಢೇರಾ ಹಳ್ಳಿಯಲ್ಲಿ 1898ರ ಫೆಬ್ರವರಿಯಲ್ಲಿ ಹಾಫ್ಕಿನ್ ಮತ್ತು ಅವರ ಸಹೋದ್ಯೋಗಿ ಬ್ಯಾನರ್‌ಮನ್ ನಡೆಸಿದ ಪ್ರಯೋಗ ಅವರ ಎಲ್ಲ ಕೆಲಸಗಳಲ್ಲಿ ಅತ್ಯಂತ ಎಚ್ಚರಿಕೆಯಿಂದ ಕೂಡಿದ್ದು ಎನ್ನಬೇಕು. ಪಟ್ಟಿ ಹಿಡಿದು ಒಂದೊಂದೇ ಕುಟುಂಬವನ್ನು ಕರೆದು, ಪ್ರತಿ ಕುಟುಂಬದಲ್ಲಿಯೂ ವಯಸ್ಸು, ಲಿಂಗ, ದೇಹಸ್ಥಿತಿಗಳನ್ನು ನೋಡಿಕೊಂಡು ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಮದ್ದು ಕೊಟ್ಟರು. ಮದ್ದು ಪಡೆದವರು 513, ಪಡೆಯದವರು 437. ಮುಂದಿನ ವಾರಗಳಲ್ಲಿ 28 ಮನೆಗಳಿಗೆ ಪ್ಲೇಗು ಹೊಕ್ಕಿತು. ಆ ಮನೆಗಳಲ್ಲಿ ಮದ್ದು ಪಡೆಯದಿದ್ದ 64 ಮಂದಿಯ ಪೈಕಿ 27 ಮಂದಿಗೆ ರೋಗ ಬಂದು 26 ಮಂದಿ ತೀರಿಕೊಂಡರು. ಮದ್ದು ಪಡೆದಿದ್ದ 71 ಮಂದಿಯ ಪೈಕಿ 8 ಮಂದಿಗೆ ರೋಗ ಬಂದು 3 ಮಂದಿ ತೀರಿಕೊಂಡರು.

ಒಂದೇ ಸೂರಿನಡಿ, ಒಂದೇ ಅಡುಗೆ ಉಣ್ಣುವ ಅಣ್ಣತಮ್ಮಂದಿರ ನಡುವಿನ ಹೋಲಿಕೆ ಇದು. ಆದುದರಿಂದ ಬಡವ ಬಲ್ಲಿದರ ಭೇದ ಇಲ್ಲಿ ಅಡ್ಡಬರುವುದಿಲ್ಲ. ಮರಣದಲ್ಲಿ ಶೇ. 90ರಷ್ಟು ಇಳಿಕೆ. ರೋಗ ಹೊಕ್ಕ ಮನೆಗಳನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಮೂವರಿಗೆ ಮದ್ದು ಚುಚ್ಚಿದಾಗ ಒಂದು ಜೀವ ಉಳಿಯಿತು. ಇಡೀ ಹಳ್ಳಿಯನ್ನು ಹಿಡಿದರೆ 19 ಮಂದಿಗೆ ಚುಚ್ಚಿದಾಗ ಒಂದು ಜೀವ. ಶೇ. 90 ಎಂಬ ಅಂಕಿ ಎರಡೂ ಲೆಕ್ಕದಲ್ಲಿ ಬಹುತೇಕ ಹಾಗೆಯೇ ಉಳಿಯುತ್ತದೆ. ಛೇದ ಯಾವುದು ಎಂದು ಕೇಳದೆ ಶೇಕಡಾವಾರನ್ನು ಒಪ್ಪಿಕೊಳ್ಳಬಾರದೆಂಬುದಕ್ಕೆ ಇದಕ್ಕಿಂತ ಸರಳವಾದ ಉದಾಹರಣೆ ವೈದ್ಯಚರಿತ್ರೆಯಲ್ಲಿ ಸಿಗುವುದು ಕಷ್ಟ. ಒಂದು ಕೊರತೆ ಉಳಿಯಿತು: ಮನೆಯಲ್ಲಿ ಯಾರಿಗೆ ಮದ್ದು, ಯಾರಿಗೆ ಇಲ್ಲ ಎಂಬ ಆಯ್ಕೆ ಚೀಟಿ ಎತ್ತಿ ನಡೆದದ್ದಲ್ಲ.

ಧಾರವಾಡ ಜಿಲ್ಲೆಯಲ್ಲಿ

ಪ್ಲೇಗು ರೈಲಿನ ಜಾಡು ಹಿಡಿದು ದಕ್ಷಿಣಕ್ಕೆ ಇಳಿಯಿತು. 1898ರಲ್ಲಿ ಅದು ಹುಬ್ಬಳ್ಳಿಯನ್ನು ಬಲವಾಗಿ ಹಿಡಿಯಿತು. ಸದರ್ನ್ ಮರಾಠಾ ರೈಲ್ವೆಯ ಕಾರ್ಯಾಗಾರವೂ ಹತ್ತಿಯ ವ್ಯಾಪಾರವೂ ಇದ್ದ ಹುಬ್ಬಳ್ಳಿಗೆ ನಾಲ್ಕೂ ದಿಕ್ಕಿನಿಂದ ಜನ ಬಂದುಹೋಗುತ್ತಿದ್ದರು. ಅಲ್ಲಿಂದ ಬೆಂಗಳೂರಿನ ಕಡೆಗೆ ಸಾಗುವ ಹಳಿಯ ಮೇಲೆ ಮೊದಲು ಹಾವೇರಿ, ಬಳಿಕ ಬ್ಯಾಡಗಿ, ರಾಣೆಬೆನ್ನೂರು, ಆಮೇಲೆ ಹರಿಹರ. ಹಾವೇರಿ ಆಗ ಕರಜಗಿ ತಾಲ್ಲೂಕಿನ ಕೇಂದ್ರ. ಈ ಮೂರೂ ಸಂತೆಯ ಊರುಗಳು. ಧಾನ್ಯ, ಹತ್ತಿ, ಮೆಣಸಿನಕಾಯಿಗಳ ಚೀಲಗಳು ರಾಶಿ ಬೀಳುವ ಕಡೆ ಇಲಿಗಳೂ ಇರುತ್ತವೆ. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ರೋಗ ಹುಬ್ಬಳ್ಳಿ ಕಡೆಯಿಂದ ರೈಲಿನ ಮೂಲಕ ಬೆಂಗಳೂರನ್ನೂ ತಲುಪಿತು.

ಹುಬ್ಬಳ್ಳಿಯಲ್ಲಿ ಸರ್ಜನ್ ಕ್ಯಾಪ್ಟನ್ ಲ್ಯೂಮನ್ ಎಂಬ ಸೈನ್ಯದ ವೈದ್ಯರು ಹಾಫ್ಕಿನ್ನರ ಮದ್ದನ್ನು ಊರಿಗೆ ಊರೇ ಪಡೆಯುವಂತೆ ಮಾಡಿದರು. ಸುಮಾರು ಐವತ್ತು ಸಾವಿರ ಜನರಿದ್ದ ಪಟ್ಟಣದಲ್ಲಿ ಕೆಲವೇ ತಿಂಗಳುಗಳಲ್ಲಿ ಬಹುಪಾಲು ಮಂದಿ ಮದ್ದು ಪಡೆದರು. ಪ್ಲೇಗಿಗೆ ಸರ್ಕಾರ ಕೈಗೊಂಡ ಕ್ರಮಗಳ ಬಗ್ಗೆ ಜನರಲ್ಲಿ ರೋಷ ಮಡುಗಟ್ಟಿದ್ದ ಕಾಲ ಅದು. 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯ ಬಲದಿಂದ ಮನೆ ಹೊಕ್ಕು ಶೋಧಿಸುತ್ತಿದ್ದ ಅಧಿಕಾರಿ ರ್‍ಯಾಂಡ್ ಪುಣೆಯಲ್ಲಿ ಕೊಲೆಯಾಗಿ ಒಂದು ವರ್ಷವೂ ಆಗಿರಲಿಲ್ಲ. ಅಂತಹ ದಿನಗಳಲ್ಲಿ ಕನ್ನಡ ನಾಡಿನ ಒಂದು ಪಟ್ಟಣದ ಸಾಮಾನ್ಯ ಜನ ತೋಳು ಚಾಚಿ ನಿಂತದ್ದು ಸಣ್ಣ ಮಾತಲ್ಲ.

ಹುಬ್ಬಳ್ಳಿಯ ಅಂಕಿಗಳು ಮದ್ದಿನ ಪರವಾಗಿ ಬಹಳ ಬಲವಾಗಿ ನುಡಿಯುವಂತೆ ತೋರಿದವು. ಅವನ್ನು ಅರ್ಥಮಾಡಿಕೊಳ್ಳುವುದು ಮಾತ್ರ ಸೆರೆಮನೆಯ ಅಂಕಿಗಳಿಗಿಂತ ಎಷ್ಟೋ ಕಠಿಣ. ಸೆರೆಮನೆಯಲ್ಲಿ ತಲೆ ಎಣಿಸಬಹುದು. ಊರಿನಲ್ಲಿ ಜನ ಗಂಟುಮೂಟೆ ಕಟ್ಟಿ ಹೊರಡುತ್ತಾರೆ, ಬೇರೆ ಊರಿನವರು ಬಂದು ಸೇರುತ್ತಾರೆ. ಮದ್ದು ಪಡೆದವರ ಲೆಕ್ಕ ದಫ್ತರದಲ್ಲಿ ಇರುತ್ತದೆ, ಪಡೆಯದವರ ಲೆಕ್ಕವನ್ನು ಊರಿನ ಅಂದಾಜು ಜನಸಂಖ್ಯೆಯಿಂದ ಕಳೆದು ಪಡೆಯಬೇಕು. ಉದಾಹರಣೆಗೆ, ಅಂದಾಜಿನಲ್ಲಿ 2,000 ಜನರ ತಪ್ಪು ಇದೆಯೆಂದು ಇಟ್ಟುಕೊಳ್ಳೋಣ. ಮದ್ದು ಪಡೆಯದವರು 30,000 ಇರುವಾಗ ಆ ತಪ್ಪು ದೊಡ್ಡದಲ್ಲ. ಮದ್ದಿನ ಕೆಲಸ ಮುಂದುವರಿದು, ಕಳೆದು ಬಂದ ಉತ್ತರ 1,000ಕ್ಕೆ ಇಳಿದಾಗ, ನಿಜವಾಗಿ 3,000 ಮಂದಿ ಉಳಿದಿದ್ದರೆ ಅವರ ಮರಣದ ಪ್ರಮಾಣ ಇದ್ದುದಕ್ಕಿಂತ ಮೂರು ಪಟ್ಟು ಹೆಚ್ಚಾಗಿ ಕಾಣುತ್ತದೆ. ಮದ್ದು ತಾನು ಮಾಡದ ಪವಾಡವನ್ನು ಕಾಗದದ ಮೇಲೆ ಮಾಡಿದಂತಾಗುತ್ತದೆ.

ಕಾಲದ ಪ್ರಶ್ನೆಯೂ ಇತ್ತು. ಮೇ ತಿಂಗಳಲ್ಲಿ ಮದ್ದು ಪಡೆಯದೆ ಇದ್ದವನು ಆಗಸ್ಟಿನಲ್ಲಿ ಪಡೆದರೆ, ಆ ಮೂರು ತಿಂಗಳು ಅವನನ್ನು ಯಾವ ಗುಂಪಿನಲ್ಲಿ ಎಣಿಸಬೇಕು? ಮದ್ದು ಪಡೆಯಲು ಬದುಕಿ ಉಳಿದವನೇ ಬರಬೇಕು, ಸತ್ತವನು ಶಾಶ್ವತವಾಗಿ ಪಡೆಯದವರ ಪಟ್ಟಿಯಲ್ಲಿ ಉಳಿಯುತ್ತಾನೆ. ಆದ್ದರಿಂದ ವಾರವಾರಕ್ಕೂ ಎರಡು ಗುಂಪುಗಳ ಸಂಖ್ಯೆಯನ್ನು ಬೇರೆಬೇರೆಯಾಗಿ ಬರೆದಿಟ್ಟುಕೊಳ್ಳುವುದು ಅಗತ್ಯ. ಎರಡು ಸಲ ಚುಚ್ಚಿಸಿಕೊಳ್ಳಬೇಕಾದವರು ಎರಡರ ನಡುವೆ ತೀರಿಕೊಂಡರೆ ಅವರನ್ನು ಎಲ್ಲಿ ಸೇರಿಸಬೇಕೆಂಬುದೂ ಇದೇ ಜಾತಿಯ ತೊಡಕು.

ಊರು ಬಿಡುವ ರೂಢಿ ಮತ್ತೊಂದು ಸಿಕ್ಕು. ಹಾವೇರಿ ರಾಣೆಬೆನ್ನೂರು ಸೀಮೆಯ ಹಿರಿಯರ ಮಾತಿನಲ್ಲಿ ಪ್ಲೇಗಿನ ಕಾಲವೆಂದರೆ ಮನೆಗೆ ಬೀಗ ಜಡಿದು ಹೊಲದಲ್ಲಿ ಗುಡಿಸಲು ಹಾಕಿಕೊಂಡ ಕಾಲ. ಇಲಿ ಬಿದ್ದರೆ ಊರು ಬಿಡಬೇಕೆಂಬುದನ್ನು ಜನ ಚಿಗಟದ ವಿಷಯ ತಿಳಿಯುವ ಮೊದಲೇ ಅನುಭವದಿಂದ ಕಂಡುಕೊಂಡಿದ್ದರು, ಅದು ಸರಿಯಾಗಿಯೂ ಇತ್ತು. ಊರು ಬಿಟ್ಟವರಲ್ಲಿ ಮದ್ದು ಪಡೆದವರು ಹೆಚ್ಚಾಗಿದ್ದರೆ ಹೊಲದ ಪುಣ್ಯ ಮದ್ದಿನ ಖಾತೆಗೆ ಜಮೆಯಾಗುತ್ತದೆ. ಮದ್ದು ಪಡೆದೆವೆಂಬ ಧೈರ್ಯದಿಂದ ಅವರು ಊರಲ್ಲಿಯೇ ಉಳಿದಿದ್ದರೆ ಮದ್ದಿನ ಗುಣ ಇದ್ದುದಕ್ಕಿಂತ ಕಡಿಮೆಯಾಗಿ ಕಾಣುತ್ತದೆ. ಮದ್ದಿನ ಪ್ರಮಾಣಪತ್ರ ಇದ್ದವರಿಗೆ ಪ್ರಯಾಣದ ನಿರ್ಬಂಧಗಳಲ್ಲಿ ಸಡಿಲಿಕೆ ಇದ್ದುದರಿಂದ ಆ ಎರಡು ಗುಂಪುಗಳ ಓಡಾಟವೂ ಒಂದೇ ಬಗೆಯದಾಗಿರಲಿಲ್ಲ.

ಪ್ಲೇಗು ಆಯೋಗದ ತೀರ್ಮಾನ

ಭಾರತ ಸರ್ಕಾರ 1898ರಲ್ಲಿ ಟಿ. ಆರ್. ಫ್ರೇಸರ್ ಅವರ ಅಧ್ಯಕ್ಷತೆಯಲ್ಲಿ ಪ್ಲೇಗು ಆಯೋಗವನ್ನು ನೇಮಿಸಿತು. ವಿಷಮಶೀತಜ್ವರದ ಲಸಿಕೆಗೆ ಹೆಸರಾದ ಆಲ್ಮ್ರೋತ್ ರೈಟ್ ಅದರ ಸದಸ್ಯರಲ್ಲಿ ಒಬ್ಬರು. ಆಯೋಗ ಅಂಕಿಗಳನ್ನು ಒಂದೊಂದಾಗಿ ಕೆದಕಿ ನೋಡಿ, ಹಲವೆಡೆ ಲೆಕ್ಕ ನಿಖರವಾಗಿಲ್ಲವೆಂದು ಆಕ್ಷೇಪಿಸಿತು. ಆದರೂ ಮದ್ದನ್ನು ತಳ್ಳಿಹಾಕಲಿಲ್ಲ. ಮದ್ದು ಸಂಪೂರ್ಣ ರಕ್ಷಣೆ ಕೊಡುವುದಿಲ್ಲ, ಚುಚ್ಚಿದ ಮೊದಲ ಕೆಲವು ದಿನ ರಕ್ಷಣೆ ಇರುವುದಿಲ್ಲ, ಆದರೆ ರೋಗ ತಗಲುವುದನ್ನೂ ಸಾವನ್ನೂ ಗಣನೀಯವಾಗಿ ಕಡಿಮೆ ಮಾಡುತ್ತದೆ ಎಂಬುದು ಅದರ ತೀರ್ಮಾನ. ಮದ್ದನ್ನು ಪವಾಡವೆಂದು ಹೊಗಳಿದವರಿಗೂ ಮೋಸವೆಂದು ಹಳಿದವರಿಗೂ ಇದು ರುಚಿಸಲಿಲ್ಲ. ಲಭ್ಯವಿದ್ದ ಪುರಾವೆ ಹೊರಬಲ್ಲ ಭಾರ ಮಾತ್ರ ಅಷ್ಟೇ ಆಗಿತ್ತು.

1899ರ ಆಗಸ್ಟ್ 10ರಂದು ಮುಂಬಯಿಯ ಪರೇಲ್‌ನಲ್ಲಿದ್ದ ಹಳೆಯ ಗವರ್ನರ್ ನಿವಾಸದಲ್ಲಿ ಪ್ಲೇಗು ಸಂಶೋಧನಾ ಪ್ರಯೋಗಾಲಯ ಉದ್ಘಾಟನೆಯಾಯಿತು. ಹಾಫ್ಕಿನ್ನರು ಅದರ ಮುಖ್ಯಸ್ಥರಾದರು.

ಮುಲ್ಕೋವಾಲ್ ದುರಂತ

1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಮಂದಿಗೆ ಮದ್ದು ಚುಚ್ಚಲಾಯಿತು. ಅವರಲ್ಲಿ 19 ಮಂದಿ ಕೆಲವೇ ದಿನಗಳಲ್ಲಿ ಧನುರ್ವಾಯುವಿನಿಂದ ಮೃತರಾದರು. ಪಂಜಾಬಿನಲ್ಲಿ ಲಸಿಕೆಯ ಮೇಲಿನ ನಂಬಿಕೆ ಕುಸಿಯಿತು. ಮದ್ದು ಮುಂಬಯಿಯಲ್ಲಿಯೇ ಕೆಟ್ಟಿರಬೇಕೆಂದು ವಿಚಾರಣೆ ನಡೆಸಿದವರು ಅಭಿಪ್ರಾಯಪಟ್ಟರು. ತಯಾರಿಕೆಯನ್ನು ತ್ವರೆಗೊಳಿಸಲು ಹಾಫ್ಕಿನ್ನರು ಕಾರ್ಬಾಲಿಕ್ ಆಮ್ಲ ಬೆರೆಸುವುದನ್ನು ಕೈಬಿಟ್ಟಿದ್ದುದು ಅವರಿಗೆ ಮುಳುವಾಯಿತು. ಅವರು ಹುದ್ದೆಯನ್ನು ಕಳೆದುಕೊಂಡು ಇಂಗ್ಲೆಂಡಿಗೆ ತೆರಳಿದರು.

ಸತ್ತ 19 ಮಂದಿಗೂ ಚುಚ್ಚಿದ ಮದ್ದು ಒಂದೇ ಸೀಸೆಯದು, ಅದರ ಗುರುತು 53-ಎನ್. ಅಂದು ಬೇರೆ ಸೀಸೆಗಳಿಂದ ಮದ್ದು ಪಡೆದ ಉಳಿದ 88 ಮಂದಿಗೆ ಏನೂ ಆಗಲಿಲ್ಲ. ತಯಾರಿಕೆಯ ಕ್ರಮವೇ ದೋಷಪೂರ್ಣವಾಗಿದ್ದರೆ ಕೇಡು ಒಂದು ಸೀಸೆಗೆ ಸೀಮಿತವಾಗುತ್ತಿರಲಿಲ್ಲ. ಮದ್ದು ತುಂಬಿದ ಎಷ್ಟೋ ದಿನಗಳ ಬಳಿಕ ತೆರೆದ ಸೀಸೆಯಲ್ಲಿ ಧನುರ್ವಾಯುವಿನ ಜೀವಾಣು ಮೊದಲೇ ಬೆಳೆದಿದ್ದರೆ ದುರ್ನಾತ ಬರಬೇಕಿತ್ತು, ಬಂದಿರಲಿಲ್ಲ. ಸೀಸೆಯ ಬಿರಡೆ ತೆಗೆಯುವಾಗ ಸಹಾಯಕನೊಬ್ಬ ಇಕ್ಕಳವನ್ನು ನೆಲಕ್ಕೆ ಬೀಳಿಸಿ, ಸರಿಯಾಗಿ ಶುದ್ಧೀಕರಿಸದೆ ಮತ್ತೆ ಬಳಸಿದ್ದನೆಂಬ ಸಂಗತಿಯೂ ವಿಚಾರಣೆಯ ದಾಖಲೆಗಳಲ್ಲಿ ಇತ್ತು. ಇವೆಲ್ಲವನ್ನೂ ಮುಂದಿಟ್ಟು ಡಬ್ಲ್ಯು. ಜೆ. ಸಿಂಪ್ಸನ್, ಮಲೇರಿಯಾ ಸಂಶೋಧನೆಗಾಗಿ ನೊಬೆಲ್ ಪಡೆದಿದ್ದ ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಹಾಫ್ಕಿನ್ನರ ಪರ ವಾದಿಸಿದರು. 1907ರ ಜುಲೈ 29ರಂದು ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಅವರ ಜಂಟಿ ಪತ್ರ ಪ್ರಕಟವಾಯಿತು. ಅದೇ ವರ್ಷ ಸರ್ಕಾರ ಹಾಫ್ಕಿನ್ನರನ್ನು ಆರೋಪದಿಂದ ಮುಕ್ತಗೊಳಿಸಿತು. ಐದು ವರ್ಷ ತಡವಾಗಿ ಬಂದ ಈ ನ್ಯಾಯ ಅರ್ಧ ನ್ಯಾಯವೇ ಸರಿ, ಮುಂಬಯಿಯ ಹುದ್ದೆ ಅವರಿಗೆ ಮರಳಿ ದೊರೆಯಲಿಲ್ಲ.

ಅಂಕಿಗಳ ಮುಂದಿನ ಕಥೆ

ಹಾಫ್ಕಿನ್ನರಿಂದ ಪ್ರೇರಿತರಾದ ರೈಟ್ ಅವರ ವಿಷಮಶೀತಜ್ವರ ಲಸಿಕೆಯ ಅಂಕಿಗಳನ್ನು 1904ರಲ್ಲಿ ಲಂಡನ್ನಿನ ಗಣಿತಜ್ಞ ಕಾರ್ಲ್ ಪಿಯರ್ಸನ್ ಪರಿಶೀಲಿಸಿದರು. ಬೇರೆಬೇರೆ ಸೇನಾನೆಲೆಗಳ ಅಂಕಿಗಳು ಒಂದಕ್ಕೊಂದು ತಾಳೆಯಾಗದಿರುವುದನ್ನು ತೋರಿಸಿ, ಮದ್ದು ಪಡೆಯಲು ಒಪ್ಪಿದವರ ಪಟ್ಟಿಯಲ್ಲಿ ಒಬ್ಬರನ್ನು ಬಿಟ್ಟು ಒಬ್ಬರಿಗೆ ಮದ್ದು ಕೊಟ್ಟು ನೋಡಬೇಕೆಂದು ಸಲಹೆಯಿತ್ತರು. ಹಾಫ್ಕಿನ್ನರು ಉಮರ್‌ಖಾಡಿಯಲ್ಲಿ ಆರು ವರ್ಷ ಮೊದಲೇ ಮಾಡಿದ್ದು ಹೆಚ್ಚುಕಡಿಮೆ ಇದನ್ನೇ.

1915ರಲ್ಲಿ ಮೇಜರ್ ಗ್ರೀನ್‌ವುಡ್ (ಇಲ್ಲಿ ಮೇಜರ್ ಎಂಬುದು ಹೆಸರು, ಸೇನಾ ಪದವಿಯಲ್ಲ) ಮತ್ತು ಉಡ್ನಿ ಯೂಲ್ ಅವರು ಕಾಲರಾ ಹಾಗೂ ವಿಷಮಶೀತಜ್ವರ ಲಸಿಕೆಗಳ ಅಂಕಿಸಂಖ್ಯೆಗಳನ್ನು ಅರ್ಥೈಸುವ ಬಗೆಯನ್ನು ಕುರಿತು ಒಂದು ದೀರ್ಘ ಪ್ರಬಂಧ ಬರೆದರು. ಅವರು ಮುಂದಿಟ್ಟ ಷರತ್ತುಗಳು ಮೂರು. ಮದ್ದು ಪಡೆದವರೂ ಪಡೆಯದವರೂ ಮುಖ್ಯವಾದ ಎಲ್ಲ ವಿಷಯಗಳಲ್ಲಿ ಸಮಾನರಾಗಿರಬೇಕು. ಇಬ್ಬರಿಗೂ ರೋಗ ತಗಲುವ ಅವಕಾಶ ಒಂದೇ ಆಗಿರಬೇಕು. ಒಬ್ಬನಿಗೆ ರೋಗ ಬಂದಿದೆಯೇ ಎಂದು ನಿರ್ಧರಿಸುವಾಗ, ಅವನು ಮದ್ದು ಪಡೆದಿದ್ದಾನೆಯೇ ಎಂಬ ಅರಿವು ಆ ನಿರ್ಧಾರದ ಮೇಲೆ ಪ್ರಭಾವ ಬೀರಬಾರದು. ಈ ಮೂರು ಅಳತೆಗೋಲುಗಳಿಂದ ಅಳೆದರೆ ಉಂಢೇರಾ ಮೊದಲ ಎರಡನ್ನು ಬಹುಮಟ್ಟಿಗೆ ಮುಟ್ಟುತ್ತದೆ. ಹುಬ್ಬಳ್ಳಿ ಮೂರರಲ್ಲಿಯೂ ಎಡವುತ್ತದೆ, ಅಲ್ಲಿ ಉಳಿದಿರಬಹುದಾದ ಜೀವಗಳ ಸಂಖ್ಯೆ ಉಂಢೇರಾಕ್ಕಿಂತ ಎಷ್ಟೋ ಪಟ್ಟು ದೊಡ್ಡದಾಗಿದ್ದರೂ. ಗುಂಪುಗಳನ್ನು ಯಾದೃಚ್ಛಿಕವಾಗಿ ಹಂಚುವ ಕ್ರಮ ವೈದ್ಯಕೀಯದಲ್ಲಿ ನೆಲೆಯೂರಿದ್ದು 1948ರಲ್ಲಿ ಪ್ರಕಟವಾದ ಸ್ಟ್ರೆಪ್ಟೊಮೈಸಿನ್ ಪ್ರಯೋಗದ ನಂತರ.

ಕೊನೆಯ ವರ್ಷಗಳು

ಹಾಫ್ಕಿನ್ನರು 1907ರ ಕೊನೆಯಲ್ಲಿ ಕಲ್ಕತ್ತದ ಜೀವಶಾಸ್ತ್ರ ಪ್ರಯೋಗಾಲಯಕ್ಕೆ ಬಂದರು. ಮನುಷ್ಯರ ಮೇಲಿನ ಲಸಿಕಾ ಪ್ರಯೋಗಗಳಿಗೆ ಅವರಿಗೆ ಅಲ್ಲಿ ಅವಕಾಶವಿರಲಿಲ್ಲ. 1914ರಲ್ಲಿ ನಿವೃತ್ತರಾಗಿ ಫ್ರಾನ್ಸಿಗೆ ಹಿಂದಿರುಗಿದರು. ಯೌವನದಲ್ಲಿ ಕ್ರಾಂತಿಕಾರಿಗಳ ಒಡನಾಡಿಯಾಗಿದ್ದವರು ಇಳಿವಯಸ್ಸಿನಲ್ಲಿ ಯಹೂದಿ ಧರ್ಮದ ಸಂಪ್ರದಾಯನಿಷ್ಠ ಆಚರಣೆಗೆ ಒಲಿದು, 1916ರಲ್ಲಿ ಅದನ್ನು ಸಮರ್ಥಿಸುವ ಲೇಖನವನ್ನೂ ಬರೆದರು. ಅವರು ಮದುವೆಯಾಗಲಿಲ್ಲ. ತಮ್ಮ ಉಳಿತಾಯವನ್ನು ಪೂರ್ವ ಯೂರೋಪಿನ ಯಹೂದಿ ಧಾರ್ಮಿಕ ಪಾಠಶಾಲೆಗಳ ಪೋಷಣೆಗಾಗಿ 1929ರಲ್ಲಿ ಸ್ಥಾಪಿಸಿದ ನಿಧಿಗೆ ನೀಡಿದರು. 1930ರ ಅಕ್ಟೋಬರಿನಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ನಿಧನರಾದರು.

ಮುಂಬಯಿಯ ಪ್ರಯೋಗಾಲಯ 1906ರಲ್ಲಿ ಬಾಂಬೆ ಬ್ಯಾಕ್ಟೀರಿಯಾಲಾಜಿಕಲ್ ಲ್ಯಾಬೊರೇಟರಿ ಎಂದು ಹೆಸರು ಬದಲಿಸಿಕೊಂಡಿತ್ತು. 1925ರಲ್ಲಿ, ಅವರು ಬದುಕಿರುವಾಗಲೇ, ಅದಕ್ಕೆ ಹಾಫ್ಕಿನ್ ಸಂಸ್ಥೆ ಎಂದು ನಾಮಕರಣವಾಯಿತು. ಭಾರತದ ಅಂಚೆ ಇಲಾಖೆ 1964ರಲ್ಲಿ ಅವರ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು. 1896ರಲ್ಲಿ ಆರಂಭವಾದ ಆ ಪ್ಲೇಗಿನಿಂದ ಮುಂದಿನ ದಶಕಗಳಲ್ಲಿ ಭಾರತದಲ್ಲಿ ಸತ್ತವರ ಸಂಖ್ಯೆ ಒಂದು ಕೋಟಿಯನ್ನು ಮೀರಿತು.